ರ‍್ಯಾಪ್ ವಾಗ್ವಾದದಲ್ಲಿ ಹೆಣ್ಣಿನ ಪ್ರತ್ಯುತ್ತರ: ರಾಕ್ಸಾನ್ ಶಾಂಟೆಯ ಉದಯ

1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಮೈದಳೆದ ರ‍್ಯಾಪ್ ಎಂಬ ಪ್ರಕಾರವನ್ನು ಸಂಗೀತವೆನ್ನುವುದಕ್ಕಿಂತ ತಾಳಬದ್ಧವಾದ ಮಾತುಗಾರಿಕೆಯೆನ್ನುವುದೇ ಮೇಲು. ತಾನು ಹೆಚ್ಚು, ಇದಿರಾಳಿ ಕಡಿಮೆ ಎಂಬ ಜಂಬವನ್ನು ಪ್ರಾಸದಲ್ಲಿ ಹೆಣೆದು ಇನ್ನೊಬ್ಬನ ಬಾಯಿ ಕಟ್ಟಿಸುವುದು ಅದರ ಮುಖ್ಯ ವ್ಯಾಪಾರಗಳಲ್ಲೊಂದು. ನಮ್ಮ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು ಕೇಳಿದವರಿಗೆ ಈ ಮನೋಧರ್ಮ ಅಪರಿಚಿತವಲ್ಲ. ಎರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಂತರವೂ ದೊಡ್ಡದು: ಮೇಳಗಳಲ್ಲಿ ಹೆಣ್ಣಿನ ಪಕ್ಷಕ್ಕೆ ಪರಂಪರೆಯೇ ಸ್ಥಾನವನ್ನಿತ್ತಿದೆ, ರ‍್ಯಾಪಿನಲ್ಲಿ ಹೆಣ್ಣು ಅದನ್ನು ತಾನೇ ಹಿಡಿಯಬೇಕಾಯಿತು. ಶಾ-ರಾಕ್ ಮತ್ತು ಸೀಕ್ವೆನ್ಸ್ ತಂಡದ ಮೂವರು ಮೊದಲೇ ಕಣಕ್ಕಿಳಿದಿದ್ದರು. ಆದರೂ ಗಂಡಸರು ಆಡಿದ ಮಾತಿಗೆ ಹೆಣ್ಣು ಹೇಳಿದ ಉತ್ತರವೇ ಒಂದು ದೊಡ್ಡ ವಾಗ್ವಾದವಾಗಿ ಬೆಳೆದುದು ಶಾಂಟೆಯಿಂದ.

ಲೊಲಿಟಾ ಶಾಂಟೆ ಗುಡೆನ್ ಎಂಬುದು ಆಕೆಯ ಜನ್ಮನಾಮ; ಬೆಳೆದದ್ದು ಕ್ವೀನ್ಸ್ ಭಾಗದ ಕ್ವೀನ್ಸ್‌ಬ್ರಿಜ್ ಸರಕಾರಿ ವಸತಿಗೃಹಗಳಲ್ಲಿ. 1984ರಲ್ಲಿ ಯು.ಟಿ.ಎಫ್.ಓ. ಎಂಬ ತರುಣರ ತಂಡದ 'ರಾಕ್ಸಾನ್, ರಾಕ್ಸಾನ್' ಎಂಬ ಹಾಡು ಜನಪ್ರಿಯವಾಯಿತು. ತಮ್ಮನ್ನು ಲಕ್ಷಿಸದ ಒಬ್ಬ ಹುಡುಗಿಯ ಬಗೆಗೆ ಮೂವರು ಸರದಿಯಂತೆ ಆಡುವ ಮಾತು ಅದರ ವಸ್ತು. ಮಾತೆಲ್ಲ ಅವಳ ಸುತ್ತ. ಅವಳಿಗೆ ಮಾತ್ರ ಮಾತಿಲ್ಲ. ಈ ತೆರವನ್ನು ಕಂಡದ್ದೇ ಶಾಂಟೆಯ ಪ್ರತಿಭೆ. ಅದೇ ವಸತಿಗೃಹಗಳಲ್ಲಿದ್ದ ಮಾರ್ಲಿ ಮಾರ್ಲ್ ಎಂಬ ನಿರ್ಮಾಪಕನ ಮನೆಯಲ್ಲಿ, ಅದೇ ತಂಡದ ತಾಳದ ಮೇಲೆ, 14 ವರ್ಷದ ಆಕೆ ತಾನೇ ರಾಕ್ಸಾನ್ ಆಗಿ ನಿಂತು 'ರಾಕ್ಸಾನ್ಸ್ ರಿವೆಂಜ್' ಹಾಡಿದಳು. ಬರೆದಿಟ್ಟುಕೊಂಡ ಪಠ್ಯವಿರಲಿಲ್ಲ, ಅದು ಆಶುರಚನೆ. ಕಂಠ ಎಳೆಯದು, ತುಸು ಕೀರಲು. ಧಾಟಿಯಲ್ಲಿ ಮಾತ್ರ ಅಳುಕಿಲ್ಲ. ನಮಗೆ ಮುಖ್ಯವೆಂದು ತೋರುವ ಅಂಶವೆಂದರೆ, ಆಕೆ ಅಲ್ಲಿ ದೂರುವುದಿಲ್ಲ, ತೀರ್ಪು ಕೊಡುತ್ತಾಳೆ. ಮೂವರನ್ನೂ ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆದು ಹಗುರಮಾಡುತ್ತಾಳೆ. ವರ್ಣಿತಳಾಗಿದ್ದವಳು ವಿಮರ್ಶಕಳಾದಳು.

ತಂಡದವರು ತಮ್ಮ ತಾಳದ ಬಳಕೆಯನ್ನು ಆಕ್ಷೇಪಿಸಿದ್ದರಿಂದ ಹಾಡನ್ನು ಬೇರೆ ತಾಳಕ್ಕೆ ಹೊಂದಿಸಬೇಕಾಯಿತು. ಅವರು ಅಷ್ಟಕ್ಕೇ ನಿಲ್ಲದೆ 'ನಿಜವಾದ ರಾಕ್ಸಾನ್' ಎಂಬ ಬಿರುದಿನಲ್ಲಿ ಇನ್ನೊಬ್ಬ ಯುವತಿಯನ್ನು ಮುಂದೆ ತಂದರು. 1985ರಲ್ಲಿ ಸ್ಪಾರ್ಕಿ ಡಿ ಎಂಬಾಕೆ ಶಾಂಟೆಗೆ ಇದಿರುತ್ತರ ಹಾಡಿದಳು. ಹೀಗೆ ಹಲವು ಹತ್ತು ಹಾಡುಗಳು ಹೊರಟು, ಈ ಪ್ರಕರಣಕ್ಕೆ 'ರಾಕ್ಸಾನ್ ಕದನಗಳು' ಎಂಬ ಹೆಸರೇ ಬಿದ್ದಿತು. ಉತ್ತರಗೀತೆಯ ಬಲದೊಡನೆ ಅದರ ಕಟ್ಟೂ ಇಲ್ಲಿ ಕಾಣುತ್ತದೆ. ಆಕೆಗೆ ಬಾಗಿಲು ತೆರೆದುದು ಪ್ರತಿಪಕ್ಷದ ಹಾಡು. ಆಕೆ ಧರಿಸಿದ ಹೆಸರೂ ಅವರ ಕಲ್ಪನೆಯದೇ. ಕಲ್ಪಿತ ವ್ಯಕ್ತಿಯೊಬ್ಬಳಲ್ಲಿ 'ನಿಜವಾದವಳು' ಯಾರು ಎಂಬ ವ್ಯಾಜ್ಯ ವಿನೋದವಾಗಿ ಕಂಡರೂ, ಹೆಸರಿನೊಡನೆ ಮಾರುಕಟ್ಟೆಯೂ ಇದ್ದುದರಿಂದ ಹುಡುಗಾಟವಾಗಿರಲಿಲ್ಲ.

1985ರಲ್ಲಿ ನ್ಯೂ ಮ್ಯೂಸಿಕ್ ಸೆಮಿನಾರಿನ ವಾಕ್ಸ್ಪರ್ಧೆಯಲ್ಲಿ ಆಕೆ ಅಂತಿಮ ಸುತ್ತಿನವರೆಗೆ ಬಂದು ಬಿಝಿ ಬೀ ಎಂಬ ಅನುಭವಿಗೆ ಸೋತಳು. ಹುಡುಗಿಯಾದುದೇ ತನ್ನ ಸೋಲಿಗೆ ಕಾರಣವೆಂಬುದು ಆಕೆ ಮುಂದೆಯೂ ಹೇಳಿಕೊಂಡು ಬಂದ ಮಾತು. 1987ರ 'ಹ್ಯಾವ್ ಎ ನೈಸ್ ಡೇ' ಹಾಡನ್ನು ಬರೆದುಕೊಟ್ಟವನು ಬಿಗ್ ಡ್ಯಾಡಿ ಕೇನ್. ಬಿಗಿಯಾದ ರಚನೆಯೇನೋ ಹೌದು, ಆದರೆ ಮೊದಲ ಹಾಡಿನ ಬಿರುಸನ್ನು ಅದರಲ್ಲಿ ನಾವು ಕಾಣೆವು. ಮೊದಲ ಸಂಪುಟ 'ಬ್ಯಾಡ್ ಸಿಸ್ಟರ್' 1989ರಲ್ಲಿ ಬಂದಿತು.

ಆಕೆಯ ವಿಷಯವಾಗಿ ಸಾಮಗ್ರಿ ಕೂಡಿಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಧ್ವನಿಮುದ್ರಣ ಸಂಸ್ಥೆಯ ಹಣದಿಂದ ಆಕೆ ಡಾಕ್ಟರೇಟ್ ಪಡೆದಳೆಂದು 2009ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ವೃತ್ತಾಂತ ನಿರಾಧಾರವೆಂದು ಅದೇ ವರ್ಷ ಸಿದ್ಧವಾಯಿತು. ಆದರೂ ಕೆಲವರು ಅದನ್ನು ಉದ್ಧರಿಸುವುದುಂಟು. 2025ರಲ್ಲಿ ಆಕೆಗೆ ಸಂದ ಗ್ರ್ಯಾಮಿ ಜೀವಮಾನ ಸಾಧನೆಯ ಪುರಸ್ಕಾರಕ್ಕೆ ಅಂಥ ಅಲಂಕಾರದ ಅಗತ್ಯವಿರಲಿಲ್ಲ.