ಹಬೆಯಲ್ಲಿ ಬೆಂದ ಹಿಟ್ಟು: ಎರಡು ಗಂಟೆಯಲ್ಲಿ ಕಲಿಯಬಹುದೇ?

ಕೆಮ್ಮಣ್ಣುಗುಂಡಿಯಲ್ಲಿ ನೀರು ನೂರು ಡಿಗ್ರಿ ಸೆಲ್ಸಿಯಸ್ ತನಕ ಕಾಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1434 ಮೀಟರ್ ಎತ್ತರದಲ್ಲಿರುವ ಈ ಗಿರಿಧಾಮದಲ್ಲಿ ಅದು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುವುದೇ ಇದಕ್ಕೆ ಕಾರಣ. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಕೆಳಗಿಳಿಯುತ್ತದೆ. ಕುದಿವ ನೀರಿನಿಂದೇಳುವ ಹಬೆಯ ಬಿಸಿಯೂ ಅದರ ಜೊತೆಗೇ ಇಳಿಯುತ್ತದೆ. ಹಾಗಾಗಿ ಕೆಳಗಿನ ತರೀಕೆರೆಯಲ್ಲಿ ಬೇಯುವ ಅಕ್ಕಿ ಕಡುಬು ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಹೊತ್ತು ಒಲೆಯ ಮೇಲಿರಬೇಕು. ಬೆಟ್ಟದ ಮನೆಯ ಅಡುಗೆಯವರಿಗೆ ಇದನ್ನು ಯಾರೂ ಭೌತಶಾಸ್ತ್ರವೆಂದು ಹೇಳಿಕೊಟ್ಟಿಲ್ಲ. ಒಂದು ಕಡುಬನ್ನು ಮುರಿದು ನೋಡಿ, ಬೆರಳಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎನ್ನುವುದೇ ಅವರ ಪರೀಕ್ಷೆ.

ಬೆರಳಿಗೆ ಗೊತ್ತಿರುವ ಇಂಥ ತಿಳಿವಳಿಕೆಯನ್ನು ಪ್ರವಾಸಿಗರಿಗೆ ಹಣ ಪಡೆದು ಕಲಿಸುವ ಪದ್ಧತಿ ಈಗ ಜಗತ್ತಿನ ಹಲವೆಡೆ ಬೇರೂರಿದೆ. ಹಾಂಗ್‌ಕಾಂಗ್‌ಗೆ ಹೋದವರು ಅರ್ಧ ದಿನ ಕುಳಿತು ದಿಮ್ ಸಮ್ ಮಡಿಸುವುದನ್ನು ಕಲಿಯಬಹುದು. ಹಿಮಾಚಲದ ಮೆಕ್ಲಿಯೋಡ್‌ಗಂಜ್‌ನ ಪುಟ್ಟ ಕೋಣೆಗಳಲ್ಲಿ ಟಿಬೆಟನ್ನರು ಮೊಮೊ ಮತ್ತು ತಿಂಗ್ಮೊ ಕಲಿಸುತ್ತಾರೆ. ನಮ್ಮ ಮಲೆನಾಡಿನ ಹೋಂಸ್ಟೇಗಳಲ್ಲೂ ಆಸಕ್ತ ಅತಿಥಿಗಳನ್ನು ಅಡುಗೆಮನೆಗೆ ಕರೆದು ಕಡುಬು ಕಟ್ಟಿಸುವುದುಂಟು. ಮೇಲ್ನೋಟಕ್ಕೆ ಇದು ಮೋಜು. ಆದರೆ ತಲೆಮಾರುಗಳು ಕೂಡಿಟ್ಟ ಒಂದು ವಿದ್ಯೆಯಲ್ಲಿ ಎಷ್ಟು ಭಾಗ ಎರಡು ಗಂಟೆಯಲ್ಲಿ ಕೈದಾಟೀತು, ಎಷ್ಟು ಉಳಿದುಹೋದೀತು ಎಂಬ ಪ್ರಶ್ನೆ ಇದರ ಹಿಂದಿದೆ. ಉತ್ತರ ಹುಡುಕಲು ಮೊದಲು ಹಬೆಯನ್ನೂ ಹಿಟ್ಟನ್ನೂ ಅರಿಯಬೇಕು.

ಹಬೆ ಏಕೆ ಬೇಯಿಸುತ್ತದೆ?

ಒಂದು ಗ್ರಾಂ ನೀರಿನ ಬಿಸಿಯನ್ನು ಒಂದು ಡಿಗ್ರಿ ಹೆಚ್ಚಿಸಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುತ್ತಿರುವ ಅದೇ ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ಬೇಕು. ಇಷ್ಟು ಶಾಖವನ್ನು ಹಬೆ ತನ್ನೊಳಗೆ ಅಡಗಿಸಿಕೊಂಡಿರುತ್ತದೆ. ತಣ್ಣನೆಯ ಹಿಟ್ಟಿನ ಮೈಗೆ ತಗುಲಿ ಮತ್ತೆ ನೀರಾಗುವಾಗ ಅಷ್ಟನ್ನೂ ಹಿಟ್ಟಿಗೆ ಕೊಟ್ಟುಬಿಡುತ್ತದೆ. ಆದ್ದರಿಂದಲೇ ಹಬೆಯಲ್ಲಿ ಹಿಟ್ಟು ಬೇಗ ಬೇಯುತ್ತದೆ. ಜೊತೆಗೆ ನೀರಿನ ಪಸೆ ಇರುವುದರಿಂದ ಸೀಯುವುದಿಲ್ಲ, ಒಣಗುವುದೂ ಇಲ್ಲ.

ಹಬೆಯ ತೊಂದರೆಯೂ ಇದರಿಂದಲೇ ಹುಟ್ಟುತ್ತದೆ. ಮುಚ್ಚಳಕ್ಕೆ ತಗುಲಿದ ಹಬೆ ನೀರಾಗಿ ತೊಟ್ಟಿಕ್ಕಿದರೆ ತಿನಿಸಿನ ಮೈ ಹಸಿಹಸಿಯಾಗುತ್ತದೆ. ಚೀನೀಯರು ಬಿದಿರು ಹೆಣೆದ ಪಾತ್ರೆ ಬಳಸಿದರು. ಬಿದಿರು ಆ ತೇವವನ್ನು ಹೀರಿಕೊಳ್ಳುತ್ತದೆ. ಲೋಹದ ಪಾತ್ರೆಯಲ್ಲಿ ಬೇಯಿಸುವವರು ಮುಚ್ಚಳದ ಒಳಗೆ ಬಟ್ಟೆ ಕಟ್ಟುತ್ತಾರೆ. ನಮ್ಮವರು ಇಡ್ಲಿ ತಟ್ಟೆಗೆ ಬಟ್ಟೆ ಹಾಸಿದರು, ಕಡುಬನ್ನು ಎಲೆಯಲ್ಲಿ ಸುತ್ತಿದರು.

ಗೋಧಿಯ ದಾರಿ, ಅಕ್ಕಿಯ ದಾರಿ

ಚೀನಾದ ಬಾವೊ, ಮಾಂಟೊ ಮುಂತಾದ ಹಬೆಯ ಬನ್ನುಗಳು ಗೋಧಿಯ ಮಕ್ಕಳು. ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಅದರ ಪ್ರೋಟೀನುಗಳು ಕೂಡಿಕೊಂಡು ಗ್ಲುಟೆನ್ ಎಂಬ ಜಾಲ ಕಟ್ಟುತ್ತವೆ. ಈ ಜಾಲ ರಬ್ಬರಿನಂತೆ ಹಿಗ್ಗುತ್ತದೆ. ಯೀಸ್ಟ್ ಹುಟ್ಟಿಸುವ ಅನಿಲ ಅದರೊಳಗೆ ಸಿಕ್ಕಿಕೊಂಡು ಬನ್ನು ಉಬ್ಬುತ್ತದೆ. ಯೀಸ್ಟ್ ಹಾಕದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ನಡುವೆ ಹೂರಣವಿಟ್ಟು, ಅಂಚನ್ನು ನೆರಿಗೆ ನೆರಿಗೆಯಾಗಿ ಮಡಿಸಿದರೆ ಮೊಮೊ. ಇಲ್ಲಿ ಒಂದು ಸೂಕ್ಷ್ಮವಿದೆ. ಹಾಳೆಯ ಅಂಚು ತೆಳುವಾಗಿಯೂ ನಡುಭಾಗ ತುಸು ದಪ್ಪವಾಗಿಯೂ ಇರಬೇಕು. ನೆರಿಗೆ ಕೂಡುವ ಕಡೆ ಹಿಟ್ಟು ಒಂದರ ಮೇಲೊಂದು ಸೇರಿ ದಪ್ಪವಾಗುತ್ತದೆ. ತಳ ತೆಳುವಾಗಿದ್ದರೆ ಹೂರಣದ ಭಾರಕ್ಕೆ ಹರಿಯುತ್ತದೆ. ತರಗತಿಗೆ ಬಂದವರು ನೆರಿಗೆಯ ಚೆಲುವಿಗೆ ಮನಸೋಲುತ್ತಾರೆ. ಕಲಿಸುವವರ ಕಣ್ಣು ಮಾತ್ರ ಲಟ್ಟಣಿಗೆಯ ಮೇಲಿರುತ್ತದೆ.

ಅಕ್ಕಿಗೆ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಅದು ಹಿಗ್ಗದು, ಮಡಿಸಿದರೆ ಬಿರಿಯುತ್ತದೆ. ಈ ಕೊರತೆಗೆ ನಮ್ಮ ಅಡುಗೆಮನೆಗಳು ಎರಡು ಪರಿಹಾರ ಕಂಡುಕೊಂಡವು. ಒಂದು, ಹಿಟ್ಟನ್ನು ಮೊದಲೇ ಕುದಿನೀರಿನಲ್ಲಿ ಅರೆಬೇಯಿಸುವುದು. ಮಲೆನಾಡಿನ ಕಡುಬಿಗೆ ಅಕ್ಕಿ ತರಿಯನ್ನು ಉಪ್ಪು ಹಾಕಿದ ಕುದಿನೀರಿಗೆ ಸುರಿದು, ಗಂಟಾಗದಂತೆ ತಿರುವಿ ಮುಚ್ಚಿಡುತ್ತಾರೆ. ಸುಮಾರು 70 ಡಿಗ್ರಿಯ ಬಿಸಿ ತಾಗಿದಾಗ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಅಂಟಾಗುತ್ತವೆ. ಆ ಬಿಸಿ ಆರುವ ಮೊದಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ತಣ್ಣಗಾದರೆ ಬಿರುಕು ಬಿಡುತ್ತದೆ, ತೀರ ಬಿಸಿಯಿದ್ದರೆ ಕೈ ಸುಡುತ್ತದೆ. ಇವೆರಡರ ನಡುವಿನ ಕೆಲವೇ ನಿಮಿಷಗಳಲ್ಲಿ ಇಡೀ ವಿದ್ಯೆ ಅಡಗಿದೆ.

ಎರಡನೆಯದು, ಎಲೆಯ ಆಸರೆ. ತಾನಾಗಿ ನಿಲ್ಲದ ಹಿಟ್ಟಿಗೆ ಎಲೆಯೇ ಗೋಡೆಯಾಗುತ್ತದೆ. ಅರಿಶಿನದ ಎಲೆಯ ಸಿಹಿ ಕಡುಬು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯುವ ಕೊಟ್ಟೆ ಕಡುಬು, ಬಾಳೆ ಎಲೆಯಲ್ಲಿ ಸುತ್ತಿದ ಹಲಸಿನ ಹಣ್ಣಿನ ಕಡುಬು, ಕರಾವಳಿಯ ಮೂಡೆ ಎಲ್ಲವೂ ಈ ಬಳಗದವು. ಬಿಸಿ ಹಬೆಗೆ ಎಲೆಯ ಪರಿಮಳ ಬಿಟ್ಟುಕೊಂಡು ಹಿಟ್ಟಿಗೆ ಇಳಿಯುತ್ತದೆ. ಕೊಡಗಿನ ಕಡಂಬುಟ್ಟು ಮಾತ್ರ ಮಲೆನಾಡಿನ ಕಡುಬಿನಂತೆ ಎಲೆಯ ಹಂಗಿಲ್ಲದೆ ಕೈಯಲ್ಲೇ ಉಂಡೆಯಾಗುತ್ತದೆ.

ಸ್ವಾರಸ್ಯವೆಂದರೆ, ಚೀನಾದ ದಕ್ಷಿಣದವರೂ ಕುದಿನೀರಿನ ಉಪಾಯ ಬಲ್ಲರು. ದಿಮ್ ಸಮ್ ಎಂದರೆ ಆ ಭಾಗದ ಕ್ಯಾಂಟನೀಸ್ ಭಾಷೆಯಲ್ಲಿ ‘ಹೃದಯವನ್ನು ತಟ್ಟುವುದು’ ಎಂಬ ಅರ್ಥ. ಚಹಾದೊಂದಿಗೆ ತಿನ್ನುವ ಈ ಪುಟ್ಟ ತಿನಿಸುಗಳಲ್ಲಿ ಸಿಗಡಿ ತುಂಬಿದ ‘ಹಾರ್ ಗಾವ್’ ಹೆಸರುವಾಸಿ. ಅದರ ಪಾರದರ್ಶಕ ಹೊದಿಕೆಗೆ ಬಳಸುವುದು ಗ್ಲುಟೆನ್ ತೆಗೆದ ಗೋಧಿಯ ಪಿಷ್ಟ. ಅಂಟಿಲ್ಲದ ಆ ಪಿಷ್ಟಕ್ಕೆ ಕುದಿನೀರು ಹೊಯ್ದೇ ಹಿಟ್ಟು ಕಟ್ಟಬೇಕು. ಕಡುಬು ಕಟ್ಟಬಲ್ಲ ಕೈಗೆ ಹಾರ್ ಗಾವ್‌ನ ಮೊದಲ ಪಾಠ ಹೊಸದೇನಲ್ಲ.

ಹಳೆಯ ಕನ್ನಡದ ಸಾಕ್ಷಿ

ಹಬೆಯ ಅಡುಗೆ ನಮ್ಮಲ್ಲಿ ಎಷ್ಟು ಹಳೆಯದು? ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವ ಕ್ರಮ ಹೇಳುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಇದೇ ತಿನಿಸನ್ನು ಹೆಸರಿಸುತ್ತದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ, ಇತಿಹಾಸಕಾರ ಕೆ.ಟಿ. ಅಚ್ಚಯ ಇವನ್ನೆಲ್ಲ ಜೋಡಿಸಿ ನೋಡಿ ಒಂದು ಆಕ್ಷೇಪ ಎತ್ತಿದರು: ಈ ಹಳೆಯ ವಿವರಗಳಲ್ಲಿ ಅಕ್ಕಿಯಿಲ್ಲ, ದೀರ್ಘಕಾಲ ಹುದುಗಿಸುವುದಿಲ್ಲ, ಹಬೆಯಲ್ಲಿ ಬೇಯಿಸುವ ಮಾತೂ ಇಲ್ಲ. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆಯೂ ಬರೆದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಭಾರತದಲ್ಲಿ ಹಬೆಪಾತ್ರೆಗಳಿಲ್ಲವೆಂದಿದ್ದನ್ನೂ ಅವರು ಎತ್ತಿ ತೋರಿಸಿದರು. ಇಡ್ಲಿಯ ಈಗಿನ ರೂಪ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದೆಂಬುದು ಅವರ ಊಹೆ. ಅದು ಇಂದಿಗೂ ಚರ್ಚೆಯಲ್ಲಿದೆ.

ಹಬೆಪಾತ್ರೆ ಇಲ್ಲದಿದ್ದ ಮಾತ್ರಕ್ಕೆ ಹಬೆಯ ಅಡುಗೆ ಇರಲಿಲ್ಲವೆಂದು ತೀರ್ಮಾನಿಸಲಾಗದು. ಮಡಕೆಯ ಬಾಯಿಗೆ ಬಟ್ಟೆ ಬಿಗಿದರೂ ಸಾಕು, ಒಳಗೆ ಹುಲ್ಲು ಹಾಸಿದರೂ ಸಾಕು. ಇಂಥ ಉಪಾಯಗಳು ಗ್ರಂಥಕ್ಕೆ ಏರುವುದಿಲ್ಲ. ಅರಮನೆಯ ಅಡುಗೆ ಬರಹಕ್ಕೆ ಬಂತು. ಹಳ್ಳಿಯ ಒಲೆಯ ಮುಂದಿನ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಲ್ಲೇ ಸಾಗಿತು. ಬರೆಯದೆ ಉಳಿದ ವಿದ್ಯೆಗೆ ಒಂದು ಅಪಾಯವಿದೆ. ಒಂದು ತಲೆಮಾರು ಕಲಿಯದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಬೈಲಕುಪ್ಪೆಯ ಅಡುಗೆಮನೆ

ಊರನ್ನೇ ಕಳೆದುಕೊಂಡವರು ಈ ಅಪಾಯವನ್ನು ಬೇಗ ಅರಿಯುತ್ತಾರೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಜಮೀನು ನೀಡಿತು. 1960-61ರಲ್ಲಿ ಮೊದಲ ತಂಡಗಳು ಬಂದಿಳಿದು ಕಾಡು ಕಡಿದು ನೆಲೆಯೂರಿದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಇನ್ನೊಂದು ಶಿಬಿರ ಆರಂಭವಾಯಿತು.

ಲಾಸಾ ನಗರ ಸುಮಾರು 3650 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಗೆಲ್ಲ ಕುದಿಯುತ್ತದೆ. ಉರುವಲಂತೂ ಮೊದಲಿನಿಂದಲೂ ವಿರಳ. ಹುರಿದ ಬಾರ್ಲಿಯ ಹಿಟ್ಟು ‘ತ್ಸಂಪಾ’ವನ್ನು ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುವ ರೂಢಿ ಆ ನೆಲಕ್ಕೆ ಹೇಳಿ ಮಾಡಿಸಿದಂತಿತ್ತು, ಹುರಿದ ಹಿಟ್ಟನ್ನು ಮತ್ತೆ ಬೇಯಿಸಬೇಕಿಲ್ಲ. ಮೊಮೊ ವಿಶೇಷ ದಿನಗಳ ತಿನಿಸಾಗಿತ್ತು. ಮೈಸೂರಿನ ಬಯಲಿನಲ್ಲಿ ನೆಲ ಬೇರೆ, ಬೆಳೆ ಬೇರೆ. ವಲಸೆ ಬಂದವರು ಮುಸುಕಿನ ಜೋಳ ಬೆಳೆದರು, ಸುಲಭವಾಗಿ ಸಿಕ್ಕ ಮೈದಾ ಕಲಸಿದರು. ಹಬ್ಬದ ಮೊಮೊ ದಿನದ ತಿನಿಸಾಯಿತು, ಬಳಿಕ ಅಂಗಡಿಯ ಸರಕಾಯಿತು. ತಿಂಗ್ಮೊ ಎಂಬ ಹೂರಣವಿಲ್ಲದ ಬನ್ನಿನ ಹಿಟ್ಟನ್ನು ಲಟ್ಟಿಸಿ, ಎಣ್ಣೆ ಸವರಿ, ಸುರುಳಿ ಸುತ್ತಿ ಹಬೆಯಲ್ಲಿಡುತ್ತಾರೆ. ಬೆಂದ ಮೇಲೆ ಪದರ ಪದರವಾಗಿ ಬಿಡಿಸಿಕೊಂಡು ಸಾರಿನೊಂದಿಗೆ ತಿನ್ನುತ್ತಾರೆ.

ಮೆಕ್ಲಿಯೋಡ್‌ಗಂಜ್‌ನಲ್ಲಿ ಕಂಡ ಅಡುಗೆ ತರಗತಿಗಳ ಸಡಗರ ಬೈಲಕುಪ್ಪೆಯಲ್ಲಿ ಕಾಣದಿರಲು ಒಂದು ಕಾರಣ ಸರ್ಕಾರಿ ನಿಯಮ. ಈ ಶಿಬಿರದಲ್ಲಿ ರಾತ್ರಿ ತಂಗಬೇಕಾದ ವಿದೇಶಿಯರು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪತ್ರ ಪಡೆಯಬೇಕು. ಸ್ವರ್ಣ ಮಂದಿರ ನೋಡಿ ಮೊಮೊ ತಿಂದು ಸಂಜೆಗೆ ಮರಳುವವರೇ ಹೆಚ್ಚು. ಇತ್ತ ಶಿಬಿರಗಳ ಯುವಜನರು ಯುರೋಪ್, ಕೆನಡಾಗಳತ್ತ ಹೋಗುತ್ತಿದ್ದಾರೆ. ಕಲಿಸಬಲ್ಲ ಹಿರಿಯರು ಇಲ್ಲಿ, ಕಲಿಯಬೇಕಾದ ಕಿರಿಯರು ಅಲ್ಲಿ.

ಅತಿಥಿ ಒಲೆಯ ಮುಂದೆ ಕುಳಿತಾಗ

ಕೆಮ್ಮಣ್ಣುಗುಂಡಿಯೂ ಅತಿಥಿಗಾಗಿಯೇ ಬೆಳೆದ ಊರು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯ ವಿಶ್ರಾಂತಿಗೆ ಮೆಚ್ಚಿಕೊಂಡಿದ್ದ ಈ ತಾಣ 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿತು. ಇಲ್ಲಿನ ಕೆಮ್ಮಣ್ಣಿನ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಸುತ್ತಲಿನ ಕಾಫಿ ಸೀಮೆಯಲ್ಲಿ ಹೋಂಸ್ಟೇಗಳು ಹೆಚ್ಚಿದ್ದು 2000ದ ಆಸುಪಾಸಿನ ವರ್ಷಗಳಿಂದೀಚೆಗೆ. ಆಗ ಜಾಗತಿಕ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ನೆಲಕಚ್ಚಿತ್ತು. ಅನೇಕ ಬೆಳೆಗಾರರು ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ತೆರೆದರು. ಆವರೆಗೆ ಸಂಬಳವಿಲ್ಲದೆ ನಡೆಯುತ್ತಿದ್ದ ಗೃಹಿಣಿಯ ಅಡುಗೆಗೆ ಮೊದಲ ಬಾರಿಗೆ ಬೆಲೆ ಬಂತು.

ಕಲಿಸುವ ಕೆಲಸ ಇನ್ನೊಂದು ಬದಲಾವಣೆ ತರುತ್ತದೆ. ‘ನೀರು ಎಷ್ಟು?’ ಎಂದು ಅತಿಥಿ ಕೇಳುತ್ತಾನೆ. ‘ಹಿಡಿಯುವಷ್ಟು’ ಎಂಬ ಮನೆಯ ಉತ್ತರ ಅವನಿಗೆ ಸಾಲದು. ಕೈ ಅಳತೆಯನ್ನು ಲೋಟದ ಅಳತೆಗೆ, ಅಂದಾಜನ್ನು ಮಾತಿಗೆ ತರಬೇಕಾಗುತ್ತದೆ. ಹೊಸ ಅಕ್ಕಿಗೆ ನೀರು ಕಡಿಮೆ, ಹಳೆಯದಕ್ಕೆ ಹೆಚ್ಚು ಎಂಬ ಸೂಕ್ಷ್ಮ ಹಾಗೆ ಹೊರಬರುತ್ತದೆ. ಮನೆಯ ಮಕ್ಕಳು ಎಂದೂ ಕೇಳದಿದ್ದ ಪ್ರಶ್ನೆಯನ್ನು ಹೊರಗಿನವನು ಕೇಳಿದ್ದರಿಂದ ಒಂದು ವಿದ್ಯೆಗೆ ಅಕ್ಷರ ಸಿಕ್ಕಿತು ಎನ್ನಬೇಕು.

ಎರಡು ಗಂಟೆಯಲ್ಲಿ ಸಿಗದ್ದೂ ಇದೆ. ನಾಗರ ಪಂಚಮಿಯ ಹೊತ್ತಿಗೆ ಅರಿಶಿನದ ಎಲೆ ಕೊಯ್ಯಲು ಸಿಗುತ್ತದೆ, ಮಳೆ ಹಿಡಿದಾಗ ಕಳಲೆ, ಅಣಬೆಗಳು ಕಡುಬಿಗೆ ಜೊತೆಯಾಗುತ್ತವೆ, ಭೂಮಿ ಹುಣ್ಣಿಮೆಯಂದು ಬಸುರಿಯೆಂದೇ ಭಾವಿಸಿದ ಗದ್ದೆಗೆ ಕಡುಬಿನ ಎಡೆ ಹೋಗುತ್ತದೆ. ಈ ಋತುಚಕ್ರ ಯಾವ ತರಗತಿಗೂ ಒಗ್ಗುವುದಿಲ್ಲ. ಅದನ್ನು ಕಲಿಯಲು ಒಂದು ವರ್ಷ ಅಲ್ಲಿ ಬದುಕಬೇಕು, ಗದ್ದೆಯೂ ಉಳಿದಿರಬೇಕು.

ಪ್ರವಾಸಿ ಹೊತ್ತೊಯ್ಯುವುದು ತಿನಿಸಿನ ಕ್ರಮವನ್ನು ಮಾತ್ರ. ಅಷ್ಟಾದರೂ ದಾಟಲಿ. ಉಳಿದದ್ದನ್ನು ದಾಟಿಸಿಕೊಳ್ಳಬೇಕಾದವರು ಆ ಮನೆಯವರೇ. ರಜೆಗೆ ಬೆಂಗಳೂರಿನಿಂದ ಬಂದ ಮಗನೋ ಮಗಳೋ ಅತಿಥಿಗಳ ಸಾಲಿನಲ್ಲಿ ತಾವೂ ಕುಳಿತು, ಕೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟಿಗೆ ಕೈಹಾಕಿದರೆ ಆ ತರಗತಿ ನಿಜಕ್ಕೂ ಸಾರ್ಥಕ.