ಎರಡು ತೋಳು, ಎರಡು ಅಳತೆ: ಮನೆಯಲ್ಲೇ ಬಟ್ಟೆ ಹೊಲಿಯೋದು ಯಾಕೆ, ಹೇಗೆ?

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ, ಈ ವಾರದ ಮಾತುಕತೆಯ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಅಳತೆಗಳನ್ನೂ ಇದರಲ್ಲಿ ಸೇರಿಸಿದ್ದೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ದುಡ್ಡು ಉಳಿಸೋಕೆ ಅಂತ ಹೊಲಿಗೆ ಕಲಿಯೋ ಪ್ಲ್ಯಾನ್ ಇದ್ದರೆ, ಬೇಡ. ನಾನು ಹೊಲಿದ ಒಂದು ಅಂಗಿಗೆ ಎರಡೂವರೆ ಮೀಟರ್ ಕಾಟನ್ ಬಟ್ಟೆ, ದಾರ, ಗುಂಡಿ, ವೆಲ್ಕ್ರೋ ಎಲ್ಲಾ ಸೇರಿ 600 ರೂಪಾಯಿ ಹತ್ತಿರ ಆಯ್ತು. ಅದರ ಮೇಲೆ ಎರಡು ಶನಿವಾರ ಹೋಯ್ತು. ಅದೇ ದುಡ್ಡಿಗೆ ಸೇಲ್‌ನಲ್ಲಿ ರೆಡಿಮೇಡ್ ಅಂಗಿ ಸಿಗುತ್ತೆ, ಅದರ ಹೊಲಿಗೆ ನನ್ನದಕ್ಕಿಂತ ನೇರವಾಗೂ ಇರುತ್ತೆ. ಹಾಗಾದ್ರೆ ಯಾಕೆ ಹೊಲಿಯಬೇಕು? ಅಂಗಡಿಯಲ್ಲಿ ಸಿಗದ ಬಟ್ಟೆ ಬೇಕಾದಾಗ. ನನಗೆ ಅಂಥದ್ದೊಂದು ಬೇಕಾಯ್ತು.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೀತು. ಅಪ್ಪ ಅಮ್ಮ ಧಾರವಾಡದಲ್ಲಿ, ನಾನು ಪುಣೆಯ ವಾಕಡದಲ್ಲಿ. ದೇವರ ದಯೆಯಿಂದ ನಡಿಗೆ ವಾಪಸ್ ಬಂತು, ಮಾತೂ ಬಂತು. ಎಡಗೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೆ ಏಳಲ್ಲ, ಬೆರಳಿಗೆ ಹಿಡಿತ ಇಲ್ಲ. ಅಪ್ಪ ಜೀವನಪೂರ್ತಿ ನೆಹರು ಅಂಗಿ ಹಾಕಿದೋರು. ಅದು ತಲೆಯ ಮೇಲಿಂದ ಇಳಿಸಿಕೊಳ್ಳೋ ಅಂಗಿ. ಎರಡೂ ಕೈ ಮೇಲೆತ್ತದೆ ಅದನ್ನ ಹಾಕಿಕೊಳ್ಳೋಕೆ ಆಗಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅಮ್ಮ ಅಂಗಿ ತೊಡಿಸಬೇಕು. ಅಪ್ಪನಿಗೆ ಅದು ಸಹಿಸೋಕೆ ಆಗ್ತಿರಲಿಲ್ಲ. ಹೊರಗೆ ಹೋಗೋದನ್ನೇ ಬಿಟ್ಟು, ಬನಿಯನ್‌ನಲ್ಲೇ ದಿನ ಕಳೆಯೋಕೆ ಶುರು ಮಾಡಿದರು. ದಿನಾ ಬೆಳಿಗ್ಗೆ ನಾನು ಅಲ್ಲಿರೋಕೆ ಆಗಲ್ಲ. ಆದರೆ ಅಪ್ಪನೇ ಹಾಕಿಕೊಳ್ಳೋ ಥರದ ಒಂದು ಅಂಗಿ ಅಲ್ಲಿರಬಹುದಲ್ವಾ?

ರೆಡಿಮೇಡ್ ಯಾಕೆ ಹೊಂದಲ್ಲ?

ನಮಗೆ ಭುಜ ಸರಿಹೋದರೆ ಹೊಟ್ಟೆ ಬಿಗಿ, ಹೊಟ್ಟೆ ಸರಿಹೋದರೆ ತೋಳು ಉದ್ದ. ತಪ್ಪು ನಮ್ಮ ದೇಹದ್ದಲ್ಲ. ಕಂಪನಿಗಳು ಒಂದು ಮಾದರಿ ದೇಹ ಇಟ್ಟುಕೊಂಡು ಒಂದು ಸೈಜ್ ಕತ್ತರಿಸ್ತಾರೆ, ಆಮೇಲೆ ಅದನ್ನೇ ಒಂದು ಲೆಕ್ಕದಲ್ಲಿ ಹಿಗ್ಗಿಸಿ, ಕುಗ್ಗಿಸಿ ಉಳಿದ ಸೈಜ್ ಮಾಡ್ತಾರೆ. ಎದೆ ಎರಡು ಇಂಚು ಹೆಚ್ಚಾದರೆ ಭುಜ ಇಷ್ಟು, ತೋಳು ಇಷ್ಟು ಅಂತ. ನಿಜವಾದ ದೇಹಗಳು ಆ ಲೆಕ್ಕಕ್ಕೆ ಸರಿಯಾಗಿ ಬೆಳೆಯಲ್ಲ. ನಮ್ಮಲ್ಲಿ ಬಹಳ ಬ್ರ್ಯಾಂಡ್‌ಗಳು ಅಮೆರಿಕ, ಬ್ರಿಟನ್ ಕಡೆಯ ಸೈಜ್ ಪಟ್ಟಿಗಳನ್ನೇ ತಿದ್ದಿಕೊಂಡು ಬಳಸ್ತಾ ಬಂದಿವೆ. ಭಾರತೀಯರದೇ ಆದ ಸೈಜ್ ಪಟ್ಟಿ ಬೇಕು ಅಂತ ನಿಫ್ಟ್ ಸಂಸ್ಥೆ ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ 'ಇಂಡಿಯಾ ಸೈಜ್' ಯೋಜನೆ ಶುರು ಮಾಡಿತು. 15ರಿಂದ 65 ವರ್ಷದ ಸುಮಾರು 25,000 ಜನರನ್ನ ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯೋದು ಅದರ ಗುರಿ. ಒಳ್ಳೇ ಕೆಲಸ. ಆದರೆ ಎಷ್ಟೇ ಒಳ್ಳೇ ಪಟ್ಟಿ ಬಂದರೂ ಅದರಲ್ಲಿ ಎಡತೋಳಿಗೂ ಬಲತೋಳಿಗೂ ಒಂದೇ ಅಳತೆ ಇರುತ್ತೆ. ಅಪ್ಪನಿಗೆ ಎರಡು ಅಳತೆ ಬೇಕಿತ್ತು.

ಮೆಷಿನ್ ಹೇಗೆ ಕೆಲಸ ಮಾಡುತ್ತೆ?

ನನ್ನದು ಹತ್ತು ಸಾವಿರದೊಳಗಿನ ಸಾದಾ ಎಲೆಕ್ಟ್ರಿಕ್ ಮೆಷಿನ್. ನೇರ ಹೊಲಿಗೆ, ಜಿಗ್‌ಜ್ಯಾಗ್, ಕಾಜಾ, ಇಷ್ಟು ಬಂದರೆ ಸಾಕು.

ಕೈಸೂಜಿಗೆ ತೂತು ಹಿಂದೆ ಇರುತ್ತೆ, ಮೆಷಿನ್ ಸೂಜಿಗೆ ತುದಿಯಲ್ಲಿ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲೂ ಇದೇ ಥರದ ಸೂಜಿ ಇತ್ತು. ಸೂಜಿ ದಾರ ಹಿಡಿದು ಬಟ್ಟೆಯ ಕೆಳಗೆ ಹೋಗುತ್ತೆ. ಮೇಲೆ ಬರೋಕೆ ಶುರು ಮಾಡಿದ ಕೂಡಲೇ ಕೆಳಗೆ ದಾರ ಸಡಿಲಾಗಿ ಒಂದು ಸಣ್ಣ ಕುಣಿಕೆ ಆಗುತ್ತೆ. ಕೆಳಗಿರೋ ಹುಕ್ ಆ ಕುಣಿಕೆಯನ್ನ ಹಿಡಿದು ಬಾಬಿನ್ ಸುತ್ತ ದಾಟಿಸುತ್ತೆ. ಮೇಲಿನ ದಾರ ಎಳೆದಾಗ ಎರಡೂ ದಾರ ಬಟ್ಟೆಯ ದಪ್ಪದ ಮಧ್ಯದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಷ್ಟೇ.

ಇದು ಗೊತ್ತಿದ್ದರೆ ಅರ್ಧ ಡೀಬಗ್ಗಿಂಗ್ ಮುಗೀತು. ಬಟ್ಟೆಯ ಕೆಳಗಡೆ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚಿ ನೋಡ್ತಾರೆ. ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಇಲ್ಲದಿದ್ದರೆ ಅದು ಪೂರ್ತಿ ಮೇಲೆ ಬರಲ್ಲ, ಕೆಳಗೇ ಗುಂಪಾಗುತ್ತೆ. ದಾರ ಪೋಣಿಸುವಾಗ ಬಟ್ಟೆ ಒತ್ತಿ ಹಿಡಿಯೋ ಫೂಟ್ ಮೇಲೆತ್ತಿರಬೇಕು. ಆಗ ಮಾತ್ರ ಬಿಗಿ ಮಾಡೋ ಬಿಲ್ಲೆಗಳು ತೆರೆದಿರುತ್ತವೆ, ದಾರ ಅವುಗಳ ನಡುವೆ ಕೂರುತ್ತೆ. ಇದು ಗೊತ್ತಿಲ್ಲದೆ ಮೊದಲ ವಾರ ಮೆಷಿನ್‌ಗೆ ಬೈದಿದ್ದೇ ಬೈದಿದ್ದು.

ಸೂಜಿ ನಂಬರ್ ನೆನಪಿಡಿ: ತೆಳು ಬಟ್ಟೆಗೆ 11, ಸಾಮಾನ್ಯ ಕಾಟನ್‌ಗೆ 14, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16. ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇಟ್ಟುಕೊಳ್ಳಿ. ಸೂಜಿ ಮೊಂಡಾದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ. ಆಗ ಯೋಚಿಸಬೇಡಿ, ಸೂಜಿ ಬದಲಿಸಿ.

ಕತ್ತರಿಗೆ ಅನ್‌ಡೂ ಇಲ್ಲ

ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಅದಕ್ಕೇ ಅಂತ ಇಪ್ಪತ್ತು ಮೂವತ್ತು ರೂಪಾಯಿಯ ಪುಟ್ಟ ಸಾಧನ ಸಿಗುತ್ತೆ. ಕತ್ತರಿಸಿದ್ದನ್ನ ಮತ್ತೆ ಸೇರಿಸೋಕೆ ಆಗಲ್ಲ. ಅದಕ್ಕೇ ಕತ್ತರಿ ಮುಟ್ಟೋ ಮೊದಲು ಮೂರು ಕೆಲಸ ಆಗಲೇಬೇಕು.

ಒಂದು, ಬಟ್ಟೆ ತೊಳೀರಿ. ಹೊಸ ಕಾಟನ್ ಮೊದಲ ಸಲ ಒಗೆದಾಗ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗೋದು ಸಾಮಾನ್ಯ. 38 ಇಂಚು ಉದ್ದದ ಅಂಗಿ ನೂರಕ್ಕೆ ನಾಲ್ಕರಷ್ಟು ಕುಗ್ಗಿದರೆ ಒಂದೂವರೆ ಇಂಚು ಮಾಯ. ಹೊಲಿದ ಮೇಲೆ ಕುಗ್ಗೋದಕ್ಕಿಂತ ಮೊದಲೇ ಕುಗ್ಗಲಿ.

ಎರಡು, ಹಾಸು ಹೊಕ್ಕು ನೋಡಿ. ಬಟ್ಟೆಯ ಉದ್ದಕ್ಕೆ, ಅಂಚಿಗೆ ಸಮಾನಾಂತರವಾಗಿ ಹೋಗೋ ನೂಲು ಹಾಸು. ಅಡ್ಡ ಹೋಗೋದು ಹೊಕ್ಕು. ಎರಡೂ ಕಡೆ ಎಳೆದು ನೋಡಿ, ಬಟ್ಟೆ ಹೆಚ್ಚು ಹಿಗ್ಗಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ನೋಡಿ, ರಬ್ಬರ್ ಥರ ಹಿಗ್ಗುತ್ತೆ. ಅಲ್ಲಿ ನೂಲು ಹಿಗ್ಗೋದಲ್ಲ, ನೂಲುಗಳ ನಡುವಿನ ಚೌಕಗಳು ವಾಲುತ್ತವೆ. ಅಂಗಿಯ ಮೈ ಹಾಸಿನ ದಿಕ್ಕಿಗೇ ಕತ್ತರಿಸಬೇಕು. ಇಲ್ಲದಿದ್ದರೆ ಎರಡು ಸಲ ಒಗೆಯೋದ್ರಲ್ಲಿ ಅಂಗಿ ತಿರುಚಿಕೊಳ್ಳುತ್ತೆ.

ಮೂರು, ಸಡಿಲು ಲೆಕ್ಕ ಹಾಕಿ. ಎದೆ 38 ಇಂಚು ಅಂತ ಅಂಗಿಯನ್ನೂ 38ಕ್ಕೆ ಹೊಲಿದರೆ ಉಸಿರು ಕಟ್ಟುತ್ತೆ. ಶರ್ಟ್‌ಗೆ ಸುಮಾರು 4 ಇಂಚು, ನೆಹರು ಅಂಗಿಯಂಥ ಸಡಿಲ ಉಡುಪಿಗೆ 8 ಇಂಚಿನವರೆಗೂ ಸೇರಿಸಬೇಕು. ಹೊಲಿಗೆಯ ಮಾರ್ಜಿನ್ ಪ್ರತಿ ಅಂಚಿಗೆ ಅರ್ಧ ಇಂಚು, ಅದು ಬೇರೆ.

ಅಳತೆ ತಗೊಳ್ಳೋಕೆ ಜನ ಎದುರಿಗೇ ಇರಬೇಕಿಲ್ಲ. ಫೋನ್‌ನಲ್ಲಿ ಅಮ್ಮನಿಗೆ ಟೇಪ್ ಹಿಡಿಯೋಕೆ ಹೇಳಿದೆ. ಮೂರು ಸಲಕ್ಕೆ ಮೂರು ಅಳತೆ ಬಂತು. ಕೊನೆಗೆ ಅಪ್ಪನಿಗೆ ಚೆನ್ನಾಗಿ ಆಗ್ತಿದ್ದ ಹಳೇ ಅಂಗಿಯೊಂದನ್ನ ಕೊರಿಯರ್ ಮಾಡಿಸಿಕೊಂಡೆ. ಅದನ್ನ ನೆಲದ ಮೇಲೆ ಹರಡಿ ಅಳೆದೆ. ಊರಿಂದ ದೂರ ಇರೋ ನಮಗೆಲ್ಲ ಇದೇ ಸುಲಭದ ದಾರಿ.

ಕಂಕುಳ ಚೌಕ

ಈಗ ಮುಖ್ಯ ವಿಷಯ. ಶರ್ಟ್‌ನ ತೋಳಿನ ತಲೆ ಬಾಗಿದ ಗೆರೆಯಲ್ಲಿರುತ್ತೆ. ಅದನ್ನ ಕತ್ತರಿಸಿ ಕೂರಿಸೋದು ಹೊಸಬರಿಗೆ ಕಷ್ಟ. ಹಳೇ ಕಾಲದ ಕುರ್ತಾ ಹಾಗಲ್ಲ, ಅದರ ತುಂಡುಗಳು ಹೆಚ್ಚುಕಮ್ಮಿ ಎಲ್ಲಾ ಆಯತ, ಚೌಕ. ನೇಯ್ದ ಬಟ್ಟೆ ಹಾಳಾಗಬಾರದು ಅಂತ ಮಾಡಿದ ಕಟಿಂಗ್ ಅದು, ಚೂರು ಉಳಿಯೋದೇ ಕಡಿಮೆ. ನೇರ ಗೆರೆ ಹೊಲಿಯೋಕೆ ಬಂದರೆ ಅದು ಬರುತ್ತೆ. ಅದಕ್ಕೇ ಹೊಸಬರಿಗೆ ಶರ್ಟ್‌ಗಿಂತ ಇದನ್ನೇ ಮೊದಲು ಹೊಲೀರಿ ಅಂತೀನಿ.

ನಾನು ಹಾಕಿದ ಅಳತೆ ಹೀಗಿದೆ. ಎದೆ 38, ಸಡಿಲು 8, ಒಟ್ಟು 46. ಹಿಂಭಾಗ 23 ಇಂಚು ಅಗಲ, ಮುಂಭಾಗವೂ 23. ಅಪ್ಪನ ಭುಜದ ಅಗಲ 17, ಹಾಗಾಗಿ ಭುಜದ ಹೊಲಿಗೆ ಎರಡೂ ಕಡೆ 3 ಇಂಚು ಕೆಳಗೆ ಜಾರಿ ಕೂರುತ್ತೆ. ತೋಳಿನ ಉದ್ದದಲ್ಲಿ ಅಷ್ಟನ್ನ ಕಡಿಮೆ ಮಾಡಬೇಕು. ತೋಳು ಒಂದು ಸಾದಾ ಆಯತ.

ಹೀಗೆ ಹೊಲಿದರೆ ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಎಳೆಯುತ್ತೆ, ಇಡೀ ಅಂಗಿ ಮೇಲೆ ಬರುತ್ತೆ. ಹಳೇ ಬೆಡ್‌ಶೀಟ್‌ನಲ್ಲಿ ನಾನು ಹೊಲಿದ ಮೊದಲ ಅಂಗಿಗೆ ಆಗಿದ್ದೂ ಇದೇ. ಹಳಬರು ಇದಕ್ಕೆ ಕಂಡುಕೊಂಡ ಉಪಾಯ ಕಂಕುಳಲ್ಲಿ ಒಂದು ಚೌಕದ ತುಂಡು. ತೋಳಿನ ಕೆಳಗಿನ ಹೊಲಿಗೆಯೂ ಪಕ್ಕದ ಹೊಲಿಗೆಯೂ ಸೇರೋ ಜಾಗದಲ್ಲಿ 5 ಇಂಚಿನ ಚೌಕವನ್ನ ವಜ್ರದಾಕಾರಕ್ಕೆ ತಿರುಗಿಸಿ ಸೇರಿಸಬೇಕು. ಒಂದು ಮೂಲೆ ತೋಳಿನ ಕಡೆ, ಎದುರು ಮೂಲೆ ಸೊಂಟದ ಕಡೆ.

ಇದರಿಂದ ಎರಡು ಲಾಭ. 5 ಇಂಚಿನ ಚೌಕದ ಕರ್ಣ 7 ಇಂಚು. ಅಂದ್ರೆ ಕೈ ಎತ್ತುವಾಗ ಅಷ್ಟು ಹೆಚ್ಚು ಬಟ್ಟೆ ಸಿಕ್ಕಿತು. ಎರಡನೇದು, ಚೌಕವನ್ನ ಹಾಸಿನ ನೇರಕ್ಕೇ ಕತ್ತರಿಸಿದ್ದರೂ ಕೈ ಎತ್ತಿದಾಗ ಎಳೆತ ಬೀಳೋದು ಕರ್ಣದ ಮೇಲೆ, ಅಂದ್ರೆ ಬಟ್ಟೆ ಓರೆಯಾಗಿ ಹಿಗ್ಗೋ ದಿಕ್ಕಿನಲ್ಲೇ. ಯಾವ ಸಾಫ್ಟ್‌ವೇರೂ ಇಲ್ಲದೆ ಇದನ್ನ ಯೋಚಿಸಿದವರಿಗೆ ಕೈ ಮುಗೀಬೇಕು.

ಅಪ್ಪನ ಅಂಗಿಗೆ ಇನ್ನೂ ಮೂರು ಬದಲಾವಣೆ ಮಾಡಿದೆ. ಬಲತೋಳಿನ ಸುತ್ತಳತೆ 20 ಇಂಚು, ಎಡತೋಳಿನದು 23. ಎಡಗಡೆಯ ಕಂಕುಳ ಚೌಕ 5ರ ಬದಲು 6. ಮುಂಭಾಗವನ್ನ ಮೇಲಿಂದ ಕೆಳಗಿನವರೆಗೆ ಸೀಳಿ, ಒಂದರ ಮೇಲೊಂದು ಒಂದೂವರೆ ಇಂಚು ಬರೋ ಹಾಗೆ ಪಟ್ಟಿ ಇಟ್ಟು, ಅದರ ಒಳಗೆ ವೆಲ್ಕ್ರೋ ಹೊಲಿದೆ. ಪಟ್ಟಿಯ ಮೇಲೆ ಗುಂಡಿ ಹಚ್ಚಿದೆ, ಅವು ನೋಡೋಕೆ ಮಾತ್ರ. ನಾಲ್ಕು ಜನರ ಎದುರು ಇದು ರೋಗಿಯ ಅಂಗಿ ಥರ ಕಾಣಬಾರದು, ಅಪ್ಪನಿಗೆ ಅದು ಮುಖ್ಯ.

ಮೊದಲು ವೆಲ್ಕ್ರೋವನ್ನ ಉದ್ದಕ್ಕೂ ಹಾಕಿ ತಪ್ಪು ಮಾಡಿದೆ. ಅಂಗಿ ಹಲಗೆ ಥರ ಸೆಟೆದು ನಿಂತಿತು, ವಾಷಿಂಗ್ ಮೆಷಿನ್‌ನಲ್ಲಿ ಅಮ್ಮನ ಸೀರೆಗೆ ಅಂಟಿಕೊಂಡು ನೂಲು ಎಳೀತು. ಮೂರನೇ ಅಂಗಿಯಲ್ಲಿ ಒಂದೊಂದು ಇಂಚಿನ ಆರು ತುಂಡು ಹಾಕಿದೆ. ಒಗೆಯೋ ಮೊದಲು ಮುಚ್ಚಿಬಿಟ್ಟರೆ ತೊಂದರೆ ಇಲ್ಲ.

ನೀವು ಶುರು ಮಾಡೋದಾದ್ರೆ

ಮೊದಲ ವಾರ ಕಾಗದದ ಮೇಲೆ ಗೆರೆ ಎಳೆದು ದಾರವಿಲ್ಲದೆ ಹೊಲೀರಿ, ನೇರ ಹೋಗೋದು ಬರುತ್ತೆ. ಆಮೇಲೆ ದಿಂಬಿನ ಕವರ್, ಕೈಚೀಲ, ಪೈಜಾಮ, ಕುರ್ತಾ, ಈ ಕ್ರಮದಲ್ಲಿ ಹೋಗಿ. ಜಾರುವ ಸಿಲ್ಕ್, ಜಾರ್ಜೆಟ್ ಸದ್ಯಕ್ಕೆ ಮುಟ್ಟಬೇಡಿ. ಪ್ರತಿ ಹೊಲಿಗೆ ಮುಗಿದ ಕೂಡಲೇ ಇಸ್ತ್ರಿ ಹಾಕಿ. ಮನೆಯ ಹೊಲಿಗೆ ಮನೆಯ ಹೊಲಿಗೆ ಥರ ಕಾಣೋಕೆ ಮುಖ್ಯ ಕಾರಣ ಇಸ್ತ್ರಿ ಹಾಕದಿರೋದು.

ಬಟ್ಟೆಗೆ ಪುಣೆಯಲ್ಲಿ ಲಕ್ಷ್ಮಿ ರಸ್ತೆ, ಗುಂಡಿ ಲೇಸು ಸಾಮಾನಿಗೆ ರವಿವಾರ ಪೇಟೆಯ ಬೋಹ್ರಿ ಆಳಿ. ಮುಂಬೈಯವರಿಗೆ ಮಂಗಲದಾಸ್ ಮಾರ್ಕೆಟ್, ಚೆನ್ನೈಯವರಿಗೆ ಸೌಕಾರ್‌ಪೇಟೆ, ಸಿಕಂದರಾಬಾದ್‌ನಲ್ಲಿ ಜನರಲ್ ಬಜಾರ್. ದೆಹಲಿಯವರು ಲ್ಯಾಪ್‌ಟಾಪ್ ರಿಪೇರಿಗೆ ಹೋಗೋ ನೆಹರು ಪ್ಲೇಸ್‌ನಲ್ಲೇ ಬಟ್ಟೆ ಅಂಗಡಿಗಳೂ ಇವೆ. ಪುಣೆಯಲ್ಲಿ 'ಖಣ್' ಅಂತ ಮಾರೋ ರವಿಕೆ ಬಟ್ಟೆ ಕಂಡರೆ ನಿಂತು ನೋಡಿ. ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಅದಕ್ಕೆ ಹೆಸರುವಾಸಿ.

ಕಳೆದ ದೀಪಾವಳಿಗೆ ಮೂರನೇ ಅಂಗಿ ತಗೊಂಡು ಧಾರವಾಡಕ್ಕೆ ಹೋದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ನಿಯಮ ಒಂದಿದೆ: ಹಾಕಿಕೊಳ್ಳುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡರು. ಅಮ್ಮ ಹೊರಗೆ ನಿಂತು ಎರಡು ಸಲ ಬಾಗಿಲ ಮೇಲೆ ಕೈ ಇಟ್ಟರು, ನಾನು ಬೇಡ ಅಂದೆ. ಹನ್ನೊಂದು ನಿಮಿಷ ಆಯ್ತು. ಬಾಗಿಲು ತೆಗೆದಾಗ ಅಂಗಿ ಮೈಮೇಲಿತ್ತು, ಮೇಲಿನ ಒಂದು ವೆಲ್ಕ್ರೋ ಮಾತ್ರ ಸೊಟ್ಟ.

ಅಪ್ಪ ಹೊಗಳಲಿಲ್ಲ. ಬಲಗೈಯಿಂದ ಎಡಪಕ್ಕ ತಡಕಾಡಿ, "ತಮ್ಮಾ, ಕಿಸೆ ಈ ಕಡೆ ಯಾಕ ಇಟ್ಟಿ? ಇಲ್ಲಿ ನನ್ನ ಕೈ ಹೋಗೂದಿಲ್ಲ. ಬಲಕ್ಕ ಹಚ್ಚು" ಅಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಚಹಾಪುಡಿ ತರ್ತೀನಿ ಅಂತ ಓಣಿಯ ಅಂಗಡಿಗೆ ಹೊರಟರು.

ನಾಲ್ಕನೇ ಅಂಗಿ ಈಗ ಮೆಷಿನ್ ಮೇಲಿದೆ. ಕಿಸೆ ಬಲಕ್ಕೆ. ಮುಂದಿನ ವಾರ ಪೈಜಾಮ ಕಟಿಂಗ್ ಜೊತೆ ಸಿಗೋಣ, ನಮಸ್ಕಾರ.