ಆಕಾಶಬುಟ್ಟಿ ಮತ್ತು ಗೊಂಡೆ: ಮನೆಯಂಗಳದ ಕೈಕಸಬು

ದೀಪಾವಳಿ ಸಮೀಪಿಸಿತೆಂದರೆ ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದ ಊರುಗಳಲ್ಲಿ ಮನೆಯ ಮುಂದೆ ಆಕಾಶಬುಟ್ಟಿ ತೂಗಲೇಬೇಕು. ವೀರಭದ್ರನ ಕ್ಷೇತ್ರವಾದ ಯಡೂರಿರಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿರಲಿ, ರೂಢಿ ಎಲ್ಲೆಡೆ ಒಂದೇ. ಹೆಸರು ಮಾತ್ರ ಎರಡು. ಕನ್ನಡದ ಮನೆಯಲ್ಲಿ ಅದು ಆಕಾಶಬುಟ್ಟಿ, ಮರಾಠಿಯ ಮನೆಯಲ್ಲಿ ಆಕಾಶಕಂದೀಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ನಕಾಶೆಯ ಗೆರೆ ಬದಲಾಯಿತು. ಆದರೆ ಗೆರೆಯ ಈಚೆಗೂ ಆಚೆಗೂ ತೂಗುವ ದೀಪ ಬದಲಾಗಲಿಲ್ಲ.

ಈ ಎರಡು ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ‘ಕಂದೀಲು’ ಅರಬ್ಬಿ ಮೂಲದ ಮಾತು. ಅರಬ್ಬಿಗೆ ಅದು ಗ್ರೀಕಿನಿಂದ, ಗ್ರೀಕಿಗೆ ಲ್ಯಾಟಿನ್ನಿನ ‘ಕಾಂದೇಲಾ’ದಿಂದ ಬಂತು. ಇಂಗ್ಲಿಷಿನ ‘ಕ್ಯಾಂಡಲ್’ ಕೂಡ ಇದೇ ಬಳಗದ್ದು. ‘ಕಾಗದ’ವಾದರೂ ಪಾರಸಿಯ ‘ಕಾಗಜ್’ ನಂಟಿನದು. ‘ಬುಟ್ಟಿ’ ಮಾತ್ರ ಅಪ್ಪಟ ಮನೆಮಾತು. ಕಾರ್ತಿಕ ಮಾಸದಲ್ಲಿ ಎತ್ತರದ ಕಂಬಕ್ಕೆ ದೀಪವನ್ನು ಏರಿಸುವ ಆಕಾಶದೀಪದ ಪದ್ಧತಿ ಹಳೆಯದು. ಪಿತೃಗಳಿಗೆ ಈ ಬೆಳಕು ದಾರಿ ತೋರುತ್ತದೆ ಎಂಬುದು ಜನರ ನಂಬಿಕೆ. ಎಣ್ಣೆಯ ದೀಪ ಗಾಳಿಗೆ ಆರಬಾರದು, ಬೆಳಕಿಗೂ ತಡೆಯಾಗಬಾರದು. ಬಿದಿರಿನ ಹಂದರಕ್ಕೆ ತೆಳುವಾದ ಕಾಗದ ಹೊದಿಸಿದರೆ ಈ ಎರಡೂ ಕೆಲಸ ಆಗುತ್ತವೆ.

ಕನ್ನಡ ನಾಡಿಗೆ ಕಾಗದ ತಡವಾಗಿ ಬಂದ ಅತಿಥಿ. ಅದಕ್ಕೂ ಮುನ್ನ ಇಲ್ಲಿ ಓಲೆಗರಿ ಇತ್ತು, ಲೆಕ್ಕಪತ್ರಕ್ಕೆ ಕಡತವಿತ್ತು. ಕಡತವೆಂದರೆ ಮಡಿಸಿದ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕಂಬಳಿ ನೇಯುವವರು ಉಣ್ಣೆಯ ಎಳೆಗಳಿಗೆ ಹಚ್ಚುವ ಗಂಜಿಯೂ ಇದೇ ಹುಣಸೆ ಬೀಜದ್ದು. ಒಂದೇ ಅಂಟು ಒಂದು ಕಡೆ ಅಕ್ಷರವನ್ನು ಹೊತ್ತಿತು, ಇನ್ನೊಂದು ಕಡೆ ನೂಲನ್ನು ಕಾಯಿತು. ಮನೆಯ ಕೈಕೆಲಸಕ್ಕೆ ಬೇಕಾದದ್ದೆಲ್ಲ ಅಡಿಗೆಮನೆಯಲ್ಲೇ ಸಿಗುತ್ತಿತ್ತೆಂಬುದಕ್ಕೆ ಇದು ನಿದರ್ಶನ.

ಆಕಾಶಬುಟ್ಟಿ ಕಟ್ಟುವ ರೀತಿ ಹಲವು. ಅವುಗಳಲ್ಲಿ ಸುಲಭವೂ ಚೆಲುವೂ ಆದ ಒಂದು ಬಗೆ ಇಂತಿದೆ. ಒಂದು ಗೇಣುದ್ದದ 24 ಬಿದಿರು ಕಡ್ಡಿಗಳು ಬೇಕು, ಎಲ್ಲವೂ ಸಮನಾಗಿರಬೇಕು. ನಾಲ್ಕು ನಾಲ್ಕು ಕಡ್ಡಿಗಳನ್ನು ದಾರದಿಂದ ಬಿಗಿದು ಆರು ಚೌಕಗಳನ್ನು ಮಾಡಬೇಕು. ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗೆ ಮೂಲೆ ಸೇರಿಸಿ ಬಳೆಯಂತೆ ಸುತ್ತಲೂ ಕಟ್ಟಬೇಕು. ಮೇಲಿನ ನಾಲ್ಕು ತುದಿಗಳಿಗೆ ಐದನೆಯ ಚೌಕದ ನಾಲ್ಕು ಮೂಲೆ, ಕೆಳಗಿನ ತುದಿಗಳಿಗೆ ಆರನೆಯದರ ನಾಲ್ಕು ಮೂಲೆ. ಚೌಕಗಳ ನಡುವೆ ತಾವಾಗಿಯೇ ಎಂಟು ತ್ರಿಕೋನಗಳು ಮೂಡುತ್ತವೆ. ಆರು ಚೌಕ, ಎಂಟು ತ್ರಿಕೋನ, ಒಟ್ಟು 14 ಮುಖಗಳ ಈ ಆಕೃತಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಹೆಸರಿನಲ್ಲಿರುವ 13 ಘನಾಕೃತಿಗಳಲ್ಲಿ ಒಂದು. ಆ ಹೆಸರನ್ನು ಕೇಳಿರದ ಕೈಗಳೂ ಅದನ್ನು ಕಟ್ಟುತ್ತ ಬಂದಿವೆ.

ಕಡ್ಡಿಗಳನ್ನಷ್ಟೇ ಕಟ್ಟಿದಾಗ ಬುಟ್ಟಿ ಅತ್ತಿತ್ತ ವಾಲಾಡುತ್ತದೆ. ಹುಡುಗರು ನಿರಾಶರಾಗುವುದು ಇಲ್ಲಿಯೇ. ಆದರೆ ಕೆಲಸ ಕೆಟ್ಟಿಲ್ಲ. ಗೋಧಿ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಸಿ ಮಾಡಿದ ಅಂಟಿನಿಂದ ಗಾಳಿಪಟದ ಹಾಳೆಯನ್ನು ಸುತ್ತಲಿನ ಚೌಕಗಳಿಗೂ ತ್ರಿಕೋನಗಳಿಗೂ ಹಚ್ಚಬೇಕು. ಒದ್ದೆಯಾದಾಗ ಹಾಳೆ ಉಬ್ಬಿ ಸಡಿಲಾಗುತ್ತದೆ, ಒಣಗುತ್ತ ಬಿಗಿಯಾಗುತ್ತದೆ. ಹೀಗೆ ಬಿಗಿದ ಹಾಳೆ ಚೌಕ ಓರೆಯಾಗದಂತೆ ಹಿಡಿದು ಇಡೀ ಹಂದರವನ್ನು ಗಟ್ಟಿ ಮಾಡುತ್ತದೆ. ಬೆರಳು ತಾಗಿದರೆ ಹರಿಯುವ ಕಾಗದವೇ ಬಿದಿರನ್ನು ಸರಿಯಾಗಿ ನಿಲ್ಲಿಸುತ್ತದೆ! ಬಿಸಿ ಹೊರಹೋಗಲು ಮೇಲಿನ ಚೌಕವನ್ನು ತೆರೆದೇ ಬಿಡಬೇಕು. ಒಳಗೆ ಹಣತೆಯಾಗಲಿ ಹಳೆಯ ಬಗೆಯ ತಂತಿಯ ಬಲ್ಬಾಗಲಿ ಇದ್ದರೆ ಕಾಗದ ಸುಡುವ ಭಯ. ಎಲ್‌ಇಡಿ ದೀಪಕ್ಕೆ ಆ ಅಂಜಿಕೆ ಬಹಳ ಕಡಿಮೆ.

ಕಾಗದ ಹರಿಯುವ ರೀತಿಯಲ್ಲೂ ಒಂದು ಪಾಠವಿದೆ. ಓದಿ ಮುಗಿದ ಪತ್ರಿಕೆಯ ಹಾಳೆಯನ್ನು ಒಂದು ದಿಕ್ಕಿಗೆ ಹರಿದರೆ ನೇರವಾಗಿ ಸೀಳುತ್ತದೆ, ಇನ್ನೊಂದು ದಿಕ್ಕಿಗೆ ಹರಿದರೆ ಓರೆಕೋರೆಯಾಗುತ್ತದೆ. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದೇ ಇದಕ್ಕೆ ಕಾರಣ. ಜರಡಿಯಲ್ಲಿ ಎತ್ತಿದ ಕೈಕಾಗದದಲ್ಲಿ ನಾರುಗಳು ಎಲ್ಲ ಕಡೆಗೂ ಹರಡಿರುವುದರಿಂದ ಈ ಭೇದ ಅಷ್ಟಾಗಿ ಇಲ್ಲ. ಮಡಿಕೆ ನಾರಿನ ದಿಕ್ಕಿಗೇ ಇದ್ದರೆ ಸುಲಭವಾಗಿ, ನೀಟಾಗಿ ಕೂರುತ್ತದೆ.

ಇನ್ನು ನೂಲಿನ ಮಾತು. ಬುಟ್ಟಿಯ ಕೆಳಗಿನ ಮೂಲೆಗಳಿಗೆ ಗೊಂಡೆ ಇಲ್ಲದಿದ್ದರೆ ಅದು ಬೋಳು. ಉತ್ತರ ಕರ್ನಾಟಕದಲ್ಲಿ ಗೊಂಡೆ ಮೊದಲು ನೆನಪಿಗೆ ಬರುವುದು ಎತ್ತಿನ ಜೊತೆಗೆ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹಣೆಗೂ ಕೊರಳಿಗೂ ಗೊಂಡೆ ಕಟ್ಟಿ ಕರಿ ಹರಿಯಲು ಹೊರಡಿಸುವುದು ಒಕ್ಕಲು ಮನೆಗಳ ಸಡಗರ. ಗೊಂಡೆ ಮಾಡಲು ಯಾವ ಉಪಕರಣವೂ ಬೇಡ. ಎಡಗೈಯ ನಾಲ್ಕು ಬೆರಳಿಗೆ ಉಣ್ಣೆಯ ನೂಲನ್ನು ಎಪ್ಪತ್ತು, ಎಂಬತ್ತು ಸುತ್ತು ಸುತ್ತಿ, ಮೆಲ್ಲನೆ ತೆಗೆದು, ನಡುವೆ ಇನ್ನೊಂದು ದಾರದಿಂದ ಬಿಗಿಯಾಗಿ ಕಟ್ಟಬೇಕು. ಎರಡೂ ಕಡೆಯ ಕುಣಿಕೆಗಳನ್ನು ಕತ್ತರಿಸಿ ಕೊಡವಿದರೆ ಚೆಂಡಿನಂತಹ ಗೊಂಡೆ ಸಿದ್ಧ. ಗಂಟು ಸಡಿಲವಾದರೆ ಎಳೆಗಳೆಲ್ಲ ಉದುರುತ್ತವೆ, ಅಷ್ಟೇ ಎಚ್ಚರ.

ಅದನ್ನು ತೂಗುಬಿಡುವ ಹುರಿಯನ್ನೂ ಕೈಯಲ್ಲೇ ಮಾಡಬಹುದು. ಒಂದು ಮಾರು ನೂಲನ್ನು ಬಿಗಿಯಾಗಿ ತಿರುಚಿ, ನಡುವೆ ಹಿಡಿದು ಎರಡು ತುದಿಗಳನ್ನು ಕೂಡಿಸಿದರೆ ಅದು ತಾನಾಗಿಯೇ ಸುತ್ತಿಕೊಳ್ಳುತ್ತದೆ. ಎಳೆ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಜೋಡಿಯ ಸುತ್ತು ವಿರುದ್ಧ ದಿಕ್ಕಿಗೆ ಇರುವುದರಿಂದ ಒಂದನ್ನೊಂದು ತಡೆದು ನಿಲ್ಲುತ್ತವೆ. ಬಾವಿಯ ಹಗ್ಗದಿಂದ ಹಿಡಿದು ಹೊಲಿಗೆಯ ದಾರದವರೆಗೆ ಎಲ್ಲವೂ ನಿಂತಿರುವುದು ಈ ಸೂತ್ರದ ಮೇಲೆಯೇ.

ಬೆಳಗಾವಿ ಜಿಲ್ಲೆಗೆ ನೂಲು ಬರೀ ಅಲಂಕಾರವಾಗಿರಲಿಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ. ಸದಸ್ಯರಾಗುವವರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಅಲ್ಲಿ ಒಪ್ಪಿಗೆ ಪಡೆಯಿತು. ಸುಮಾರು 1,800 ಮೀಟರ್ ನೂಲು ಸದಸ್ಯತ್ವದ ವಂತಿಗೆಯಾಯಿತು! ಮರುವರ್ಷವೇ ನಿಯಮ ಸಡಿಲಾದರೂ, ಓದಿದವರೂ ಕೈಯಿಂದ ದುಡಿಯಬೇಕೆಂಬ ಮಾತು ಉಳಿಯಿತು. ಖಾದಿಗೆ ಬಾಳನ್ನು ಮೀಸಲಿಟ್ಟ ಗಂಗಾಧರರಾವ್ ದೇಶಪಾಂಡೆ ಇದೇ ಜಿಲ್ಲೆಯ ಹುದಲಿಯವರು. 1937ರಲ್ಲಿ ವರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆ ಮಕ್ಕಳ ಕೈಗೆ ತಕಲಿ ಕೊಟ್ಟಿತು. ಅದಕ್ಕೂ ನೂರು ವರ್ಷ ಮುಂಚೆ ಜರ್ಮನಿಯಲ್ಲಿ ಫ್ರೋಬೆಲ್ ಮಕ್ಕಳ ಶಿಕ್ಷಣದಲ್ಲಿ ಕೈಕೆಲಸಕ್ಕೆ ಜಾಗ ಕೊಟ್ಟಿದ್ದ. ಕಾಗದ ಮಡಿಸುವುದೂ ಹೆಣೆಯುವುದೂ ಅವನ ಶಿಶುವಿಹಾರದ ಪದ್ಧತಿಯ ಭಾಗವಾದವು. ಬೆರಳು ಕಲಿತದ್ದನ್ನು ಬುದ್ಧಿ ಮರೆಯದು ಎಂಬ ಅರಿವು ಇಬ್ಬರಲ್ಲೂ ಇತ್ತು.

ಇಂದು ಸಂತೆಯಲ್ಲಿ ಸಿದ್ಧ ಬುಟ್ಟಿಗಳು ಬಣ್ಣಬಣ್ಣವಾಗಿ ತೂಗುತ್ತವೆ, ಬಹುಪಾಲು ಪ್ಲಾಸ್ಟಿಕ್. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ತೋರಣ, ಬಾವುಟ ಮೊದಲಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ಮೇಲೆ ದೇಶಾದ್ಯಂತ ನಿಷೇಧ ಬಂದಿದೆ. ಹಬ್ಬ ಮುಗಿದ ಮೇಲೆ ಬಿದಿರು, ಕಾಗದ, ಹಿಟ್ಟಿನ ಅಂಟು ಮಣ್ಣಿಗೆ ಮರಳುತ್ತವೆ. ಪ್ಲಾಸ್ಟಿಕ್ ಹಾಗಲ್ಲ. ಕಾಲುವೆ ಸೇರಿ, ಮಳೆಗಾಲದಲ್ಲಿ ಕಲ್ಲೋಳ-ಯಡೂರು ಸೇತುವೆ ಮುಳುಗಿಸುವ ಹೊಳೆಯನ್ನೂ ಸೇರುತ್ತದೆ.

ಆದರೆ ನಷ್ಟ ಪರಿಸರದ್ದಷ್ಟೇ ಅಲ್ಲ. ಬುಟ್ಟಿ ಕಟ್ಟುವ ಸಂಜೆ ಅಜ್ಜ ಬಿದಿರು ಸೀಳುತ್ತಿದ್ದ, ಅವ್ವ ಅಂಟು ಕುದಿಸುತ್ತಿದ್ದಳು, ಮಕ್ಕಳು ಅಂಗಳದ ಮಣ್ಣಿನ ಕೋಟೆಯನ್ನು ಬಿಟ್ಟು ಹಾಳೆ ಕತ್ತರಿಸಲು ಓಡಿ ಬರುತ್ತಿದ್ದರು. ಓರೆಯಾದ ಮೂಲೆಯನ್ನು ಬಿಚ್ಚಿ ಮತ್ತೆ ಕಟ್ಟುವ ತಾಳ್ಮೆ ಅಲ್ಲಿ ಹೇಳದೆಯೇ ಬರುತ್ತಿತ್ತು. ಕೊಂಡು ತಂದ ಬುಟ್ಟಿಯೂ ಬೆಳಕು ಕೊಡುತ್ತದೆ, ಸುಳ್ಳಲ್ಲ. ಆದರೆ ಅದು ಕೆಟ್ಟರೆ ರಿಪೇರಿ ಮಾಡಲು ಮನೆಯಲ್ಲಿ ಯಾರಿಗೂ ಬಾರದು. ಮನೆಯಲ್ಲೇ ಕಟ್ಟಿದ್ದು ಹರಿದರೆ, ಒಂದು ತುಂಡು ಕಾಗದ, ಒಂದು ಚಿಟಿಕೆ ಹಿಟ್ಟು ಸಾಕು.